ಕರಿ ಒಂದೋ, ಬಿಳಿ ಎರಡೋ

ಅಥವಾ ಅವತ್ತು ಐರಿನ್ ಟೀಚರ್ ಕೈಯಲ್ಲಿ ಛತ್ರಿ ಇರಲೇ ಇಲ್ಲವೇನೋ. ಅವರೆಂದರೆ ನನಗೆ ಛತ್ರಿಯೇ ನೆನಪು, ಅದಕ್ಕೇ ಬರೆಯುವಾಗ ಅದನ್ನು ಅವರ ಕೈಗೆ ಕೊಟ್ಟುಬಿಟ್ಟಿದ್ದೇನೆ. ಅವರ ತಾಯಿ ನುಡಿಸಿದ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದರು ಎಂದು ಬರೆದು ಹೊಡೆದುಹಾಕಿದೆ. ಬಿಸ್ಕತ್ತಿನ ಡಬ್ಬಿಯಲ್ಲಿ ತಂದರು ಎಂದು ಪವಿತ್ರ ಹೇಳುತ್ತಾಳೆ. ಇದು ಕಳೆದ ಬೇಸಿಗೆಯ ಸಂಗತಿ. ಕಳೆದ ಬೇಸಿಗೆಯದೇ ಹೀಗೆ ಅಲುಗಾಡುತ್ತಿದ್ದರೆ, ಮಾವನ ಕಾಲದ ಅಂಗಡಿಯ ಬಗ್ಗೆ ನಾನು ಹೇಳುವುದನ್ನು ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ. ಟೀಚರ್ ಆಡಿದ ಒಂದು ಮಾತು ಮಾತ್ರ ಅಲುಗಾಡುವುದಿಲ್ಲ. ಅದನ್ನು ನಾನೂ ಪವಿತ್ರಳೂ ಇಬ್ಬರೂ ಕೇಳಿಸಿಕೊಂಡೆವು.

“ಸರೋಜಮ್ಮಾರೆ, ನಮ್ಮ ಮಮ್ಮಿ ನಿಧಾನ ನುಡಸಿದ್ಲಾ, ಇಲ್ಲಾ? ಅಷ್ಟು ಹೇಳ್ರಿ, ಸಾಕು.”

ಆ ಪ್ರಶ್ನೆಗೆ ಉತ್ತರ ಹುಡುಕಲು ಏನೇನು ಬೇಕೋ ಅದನ್ನೇ ನಾನು ಬದುಕಿಡೀ ಮಾಡಿದ್ದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ದೊಡ್ಡ ಚಕ್ರಕ್ಕೆ ಸುತ್ತಿದ ಹಳೆಯ ಸ್ಪೂಲ್ ಟೇಪಿನಿಂದ ಕ್ಯಾಸೆಟ್ಟಿಗೆ ಹಾಡು ಇಳಿಸುವ ಕೆಲಸ. ಈಗ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ನಮ್ಮ ಅಂಗಡಿಯ ಮುಂಭಾಗವನ್ನು ಬಾಡಿಗೆಗೆ ಹಿಡಿದ ಪವಿತ್ರಳೂ ಅವರಲ್ಲೊಬ್ಬಳು. ನಾನು ಹಿಂದಿನ ಮನೆಯಲ್ಲಿರುತ್ತೇನೆ, ಕರೆದರೆ ಮುಂದೆ ಬರುತ್ತೇನೆ. ಅಂಥ ಹೊಸಬರಿಗೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಮಡಕಶಿರದ ಕಡೆಯ ಹಳ್ಳಿ. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಮಾವನಿಗೆ ಬಜಾರಿನಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯ ಅಂಗಡಿ. ಅದಕ್ಕೂ ಮುಂಚೆ ಅವರು ನಾಟಕ ಕಂಪನಿಗಳ ಹಾರ್ಮೋನಿಯಂ ಸರಿಮಾಡುತ್ತಿದ್ದವರು. ಗಂಡನಿಗೆ ಅಂಗಡಿಯಲ್ಲಿ ಕೂರುವ ತಾಳ್ಮೆ ಇರಲಿಲ್ಲ, ಅವರು ರೇಷ್ಮೆಗೂಡಿನ ವ್ಯಾಪಾರಕ್ಕೆ ಹೋದರು. ಸ್ಕ್ರೂಡ್ರೈವರು ನನ್ನ ಕೈಗೆ ಬಂತು.

ಮಾವ ಹೊಗಳಿದ್ದು ನೆನಪಿಲ್ಲ. ನನ್ನ ಮಾತನ್ನು ಆಡಿಕೊಂಡದ್ದು ಬೇಕಾದಷ್ಟಿದೆ. “ಐತೆ ಅಲ್ಲವ್ವಾ, ಐತಿ. ನಿಮ್ಮ ಮಡಕಶಿರದಾಗ ಎಲ್ಲಾ ಎಳೀತಾವ, ಟೇಪೂ ಎಳೀತಾವ” ಎನ್ನುತ್ತಿದ್ದರು. ಶ್ರುತಿಗೆ ಅವರು ಬಳಸುತ್ತಿದ್ದ ಮಾತು ‘ಮನೆ’. ಹಾರ್ಮೋನಿಯಂನ ಒಂದು ಕಟ್ಟಿನಲ್ಲಿ ಏಳು ಬಿಳಿ ಮನೆ, ಐದು ಕರಿ ಮನೆ. ಮೊದಲ ಬಿಳಿ ಮನೆ ‘ಬಿಳಿ ಒಂದು’, ಅದರ ಪಕ್ಕದ ಕರಿ ಮನೆ ‘ಕರಿ ಒಂದು’, ಅದರ ಮುಂದಿನದು ‘ಬಿಳಿ ಎರಡು’. ಹಾಡು ಯಾವ ಮನೆಯಲ್ಲಿ ಕೂತಿದೆ ಎಂದು ಹೇಳಿದರೆ ಅದರ ವಿಳಾಸ ಹೇಳಿದ ಹಾಗೆ. ವೇಗಕ್ಕೆ ಅವರು ಗಡಿಯಾರ ನೋಡುತ್ತಿರಲಿಲ್ಲ, ತಮ್ಮ ಮಣಿಕಟ್ಟಿನ ನಾಡಿ ಹಿಡಿದು ನೋಡುತ್ತಿದ್ದರು. ನಾನು ಗಡಿಯಾರ ತಂದಿಟ್ಟಾಗ, “ಅದಕ್ಕ ಜ್ವರ ಬರಂಗಿಲ್ಲ, ಅದಕ್ಕೇನು ತಿಳೀತೈತಿ” ಎಂದರು.

ಜನ ತಿಳಿದಿದ್ದು, ನಾವು ಗುಂಡಿ ಒತ್ತುತ್ತೇವೆ, ಕಾಯುತ್ತೇವೆ ಎಂದು. ಕೆಲಸವಿದ್ದದ್ದು ವೇಗದಲ್ಲಿ. ಟೇಪು ನಿಧಾನವಾಗಿ ಓಡಿದರೆ ತಾಳವೂ ನಿಧಾನ, ಶ್ರುತಿಯೂ ಕೆಳಗೆ. ಜೋರಾಗಿ ಓಡಿದರೆ ಎರಡೂ ಮೇಲೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಹೊಡೆಯಲಾಗುವುದಿಲ್ಲ. ಮೋಟರಿನ ಬೆನ್ನಿಗೆ ಒಂದು ಸಣ್ಣ ತೂತು, ಅದರೊಳಗೆ ಒಂದು ತಿರುಪು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಗಂಡು ದನಿ ಹೆಣ್ಣಿನತ್ತ ಜರುಗುತ್ತದೆ.

ಓಬಳಾಪುರದ ಒಬ್ಬ ಲಾರಿ ಮಾಲೀಕರು ತೀರಿಕೊಂಡ ತಂದೆಯ ಮಾತಿನ ಟೇಪು ತಂದಿದ್ದರು. ಸೆಲ್ಲು ಸಾಯುತ್ತಿದ್ದ ಟೇಪ್‌ರೆಕಾರ್ಡರಿನಲ್ಲಿ ಹಿಡಿದದ್ದು. ರೆಕಾರ್ಡ್ ಮಾಡುವಾಗ ಟೇಪು ತೆವಳಿದರೆ, ಸರಿಯಾದ ಯಂತ್ರದಲ್ಲಿ ಹಾಕಿದಾಗ ಅದು ಓಡುತ್ತದೆ. ಮುದುಕರ ದನಿ ಚಿಕ್ಕ ಹುಡುಗಿಯ ಹಾಗೆ ಕೀಚಲಾಗಿ ಬಂತು. ತಿರುಪು ಇಳಿಸಿದೆ.

“ಇಷ್ಟಿತ್ತೇನ್ರಿ?”

“ಇಲ್ರಿ, ಇನ್ನೂ ಇಳಸ್ರಿ. ನಮ್ಮಪ್ಪ ಮಾತಾಡಿದ್ರ ಗುಡುಗಿದಂಗ ಇರ್ತಿತ್ತು.”

ಇಳಿಸಿದೆ. ಇನ್ನೂ ಇಳಿಸಿ ಎಂದರು. ಕೊನೆಗೆ ಬಯಲಾಟದ ರಾಕ್ಷಸ ಮಾತಾಡಿದಂತಾಯಿತು, ಅವರು ಕಣ್ಣೊರೆಸಿಕೊಂಡು ತೆಗೆದುಕೊಂಡು ಹೋದರು. ಮುಂದಿನ ಸಂತೆಯ ದಿನ ಅವರ ತಮ್ಮ ಬಂದ. “ಇದು ಯಾರದ್ರಿ ದನಿ? ನಮ್ಮಪ್ಪ ಬೆಣ್ಣಿಯಂಗ ಮಾತಾಡ್ತಿದ್ದ” ಎಂದ. ಅವನಿಗೊಂದು ಬೇರೆ ಕಾಪಿ ಮಾಡಿಕೊಟ್ಟೆವು. ಒಂದೇ ಟೇಪಿನಿಂದ ಇಬ್ಬರು ಮಕ್ಕಳು ಇಬ್ಬರು ಅಪ್ಪಂದಿರನ್ನು ಒಯ್ದರು. ಯಾರದು ಸರಿ ಎಂದು ಮಾವನನ್ನು ಕೇಳಿದೆ. “ಸಣ್ಣವ ಹುಟ್ಟೋ ಹೊತ್ತಿಗೆ ಮುದುಕ ಮೆತ್ತಗಾಗಿದ್ದ, ಅಷ್ಟ” ಎಂದರು. ಮಾವ ಹೀಗೆಯೇ ಹೇಳಿದರೋ, ಕತೆಗೆ ಒಪ್ಪುತ್ತದೆಂದು ನಾನೇ ಈಗ ಅವರ ಬಾಯಿಗೆ ತುರುಕುತ್ತಿದ್ದೇನೋ ಗೊತ್ತಿಲ್ಲ.

ಪಿಯಾನೋ, ಆರ್ಕೆಸ್ಟ್ರಾ ಸೇರಿದ ಟೇಪು ನನ್ನ ಕೈಗೆ ಮೊದಲು ಬಂದದ್ದು ಬಳ್ಳಾರಿಯ ಒಬ್ಬ ಡಾಕ್ಟರಿಂದ. ಮಾವ ಊರಲ್ಲಿರಲಿಲ್ಲ. ನಮ್ಮ ಅಭ್ಯಾಸದಂತೆ ಮೊದಲು ಆಧಾರ ಶ್ರುತಿ ಹಿಡಿದೆ. ಬಿಳಿ ನಾಲ್ಕು. ಸರಿ ಎಂದು ಕಾಪಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಶ್ರುತಿ ಮೇಲೆ ಹೋಗಿಬಿಟ್ಟಿತು. ಟೇಪು ಓಡುತ್ತಿದೆ ಎಂದುಕೊಂಡು ತಿರುಪು ಇಳಿಸಿ ಬಿಳಿ ನಾಲ್ಕಕ್ಕೆ ತಂದೆ. ಇನ್ನೊಂದಿಷ್ಟು ಹೊತ್ತಿಗೆ ಶ್ರುತಿ ಇನ್ನೆಲ್ಲಿಗೋ ಇಳಿಯಿತು. ಏರಿಸಿದೆ. ಇಡೀ ಟೇಪು ಮುಗಿಯುವವರೆಗೆ ಕರುವಿನ ಹಿಂದೆ ಓಡಿದ ಹಾಗೆ ತಿರುಪು ಹಿಡಿದು ಅದರ ಹಿಂದೆ ಓಡಿದೆ. ಆ ಸಂಗೀತ ನಡುವೆ ಮನೆ ಬಿಟ್ಟು ಬೇರೆ ಮನೆಗೆ ಹೋಗುತ್ತದೆ, ಕೊನೆಗೆ ವಾಪಸು ಬರುತ್ತದೆ, ಅದು ಅದರ ನಡಿಗೆಯೇ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ತಂಬೂರಿ ಮೀಟಿ ಕೂತವರ ಸಂಗೀತದಲ್ಲಿ ಬೆಳೆದವರು ಮಾತ್ರ ಮಾಡಬಲ್ಲ ತಪ್ಪು ಅದು. ಡಾಕ್ಟರು ಕೇಳಿ ನಕ್ಕುಬಿಟ್ಟರು: “ಏನಮ್ಮಾ, ಟೈಫಾಯಿಡ್ ರೋಗಿ ಚಾರ್ಟ್ ಇದ್ದಂಗ ಐತಲ್ಲ!” ಮಾವ ಬಂದು ಎರಡು ಸಲ ಕೇಳಿದರು. “ಇವರದು ಬಾಡಿಗಿ ಮನಿ ಸಂಗೀತ. ಹೋಗ್ಲಿ ಬಿಡು, ಮುಟ್ಟಬ್ಯಾಡ” ಎಂದರು. ಆದರೆ ಆಮೇಲೆ ಅವರು ಮತ್ತೊಂದು ಸಲ, ಮಗದೊಂದು ಸಲ ಕೇಳಿದರು. ಬೆರಳು ಮೇಜಿನ ಮೇಲೆ ಮನೆಗಳನ್ನು ಹುಡುಕುತ್ತಿತ್ತು.

ಇನ್ನೊಂದು ಪದ್ಧತಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಕಾಪಿ ಮಾಡಿಸುತ್ತಿದ್ದವರಲ್ಲಿ ಭಜನೆಯವರು, ಹಾರ್ಮೋನಿಯಂ ಮಾಸ್ತರರೇ ಹೆಚ್ಚು. ಟೇಪು ಹಾಕಿಕೊಂಡು ಅದರ ಜೊತೆ ಪೆಟ್ಟಿಗೆ ನುಡಿಸಿ ಹಾಡು ಕಲಿಯುವವರು. ಟೇಪಿನ ಶ್ರುತಿ ಎರಡು ಮನೆಗಳ ನಡುವಿನ ಸಂದಿಯಲ್ಲಿದ್ದರೆ ಅವರಿಗೆ ಅದರಿಂದ ಪ್ರಯೋಜನವಿಲ್ಲ. ಒಮ್ಮೆ ನಮ್ಮ ಮಡಕಶಿರದ ಪಕ್ಕದ ಗುಡಿಬಂಡೆಯ ಭಜನೆ ಗುಂಪಿನವರು ಆಟೋ ಮಾಡಿಕೊಂಡು ಮಡಕಶಿರಕ್ಕೆ, ಅಲ್ಲಿಂದ ಬಸ್ಸು ಹಿಡಿದು ರಾಯದುರ್ಗಕ್ಕೆ ಬಂದು ಜಗಳವಾಡಿದ್ದರು: “ನಮ್ ಪೆಟ್ಟಿಗೆ ಸರಿಯಾಗೈತೆ ಕಣಮ್ಮೋ, ನಿಮ್ ಕ್ಯಾಸೆಟ್ಟೇ ಸಂದಿಗೊಂದಿಯಾಗ್ ಕೂತೈತೆ!” ಅಲ್ಲಿಂದಾಚೆ ಮಾವ ನಿಯಮ ಮಾಡಿದರು. ಯಾವ ಟೇಪು ಬಂದರೂ, ಹತ್ತಿರದ ಮನೆ ಯಾವುದೋ ನೋಡಿ, ತಿರುಪು ತಿರುಗಿಸಿ, ನೇರ ಆ ಮನೆಯ ಮೇಲೆ ತಂದು ಕಾಪಿ ಮಾಡುವುದು. ಅದನ್ನು ‘ಮನೆಗೆ ಕೂರಿಸುವುದು’ ಎನ್ನುತ್ತಿದ್ದೆವು. ಸರಿಯಾಗಿ ನಡುವೆ ಇದ್ದರೆ ಕೆಳಗಿನ ಮನೆಗೆ. ಹಾಡುವವರ ಗಂಟಲಿಗೆ ಹಗುರ ಎಂದು. ನಮ್ಮ ಕಾಪಿಗೆ ಸುತ್ತಲ ಊರುಗಳಲ್ಲಿ ಹೆಸರು ಬಂದದ್ದು ಇದರಿಂದಲೇ.

ಈಗ ಐರಿನ್ ಟೀಚರ್ ವಿಷಯ.

ಅವರು ರಾಯದುರ್ಗದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ತವರು ಗುಂತಕಲ್ಲಿನ ರೈಲ್ವೆ ಕಾಲನಿ. ತಂದೆ ರೈಲಿನ ಗಾರ್ಡು, ಕಾಲನಿಯ ಕ್ಲಬ್ಬಿನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಮುಂದೆ ನಿಂತು ತಾಳ ತೋರಿಸುವ ಕೋಲು ಬೀಸುತ್ತಿದ್ದವರು ಅವರೇ. ತಾಯಿ ಡೋರಿಸ್ ಪಿಯಾನೋ ನುಡಿಸುತ್ತಿದ್ದರು. ಟೀಚರ್ ಹುಟ್ಟುವ ಮುಂಚೆ ಒಂದು ಸಲ, ಒಂದೇ ಸಲ, ತಾಯಿ ಆರ್ಕೆಸ್ಟ್ರಾ ಜೊತೆ ದೊಡ್ಡ ಕೃತಿಯೊಂದನ್ನು ನುಡಿಸಿದರು. ಕ್ಲಬ್ಬಿನ ಸ್ಪೂಲ್ ಯಂತ್ರದಲ್ಲಿ ಅದನ್ನು ಹಿಡಿದರು. ಅದು ಮುಗಿದ ಸಂಜೆ ತಂದೆ ಎಲ್ಲರೆದುರು ತಾಯಿಗೆ ‘ಗೂಡ್ಸ್ ಗಾಡಿ’ ಎಂದು ಹೆಸರಿಟ್ಟರು. ಇವಳು ನಿಧಾನ, ಹಿಂದೆ ಬರುವವರನ್ನೆಲ್ಲಾ ನಿಲ್ಲಿಸಿಬಿಟ್ಟಳು ಎಂದು. ತಾಯಿ ಮತ್ತೆ ಕ್ಲಬ್ಬಿನ ಪಿಯಾನೋ ಮುಟ್ಟಲಿಲ್ಲ. ಊಟದ ಮೇಜಿನ ಅಂಚಿನಲ್ಲಿ ಬೆರಳು ಆಡಿಸುತ್ತಿದ್ದರಂತೆ, ಗಂಡ ಡ್ಯೂಟಿಯಿಂದ ಬಂದ ಸದ್ದಾದರೆ ನಿಲ್ಲಿಸುತ್ತಿದ್ದರಂತೆ.

“ನಾವೂ ಹಂಗ ಕರದ್ವಿ” ಎಂದರು ಟೀಚರ್. “ಸಾಲಿಗೆ ಹೊತ್ತಾತು ಅಂದ್ರ, ಗೂಡ್ಸ್ ಬಂತು, ಗೂಡ್ಸ್ ಬಂತು ಅಂತ ಕೂಗ್ತಿದ್ವಿ. ಮಮ್ಮಿ ನಗ್ತಿದ್ಲು. ಸಾಯೋ ಮುಂದ ನನ್ನ ಕೈಗೆ ಇದನ್ನ ಕೊಟ್ಟು, ‘ಒಂದ್ಸಲ ಕೇಳು’ ಅಂದ್ಲು. ನಾ ಕೇಳ್ಲೇ ಇಲ್ರಿ, ಇಷ್ಟು ವರ್ಷ. ಕೇಳಿದ್ರ ನಿಧಾನ ಇದ್ರ ಏನು ಮಾಡ್ಲಿ, ನಿಧಾನ ಇಲ್ಲಾಂದ್ರ ಏನು ಮಾಡ್ಲಿ.”

ಸ್ಪೂಲು ಯಾವತ್ತೋ ಹಾಳಾಗಿತ್ತು. ಉಳಿದದ್ದು ಅದರ ಕ್ಯಾಸೆಟ್ ಕಾಪಿ. ಕಾಪಿ ಎಲ್ಲಿ ಮಾಡಿಸಿದ್ದೆಂದು ಟೀಚರಿಗೆ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ನೆನಪಿಡಿ.

ಪವಿತ್ರ ಟೇಪು ಹತ್ತಿಸಿದಳು. ಒಳಗಿದ್ದದ್ದು ಕೃತಿಯ ನಡುವಿನ ನಿಧಾನ ಭಾಗ. ಮೊದಲು ಪಿಯಾನೋ ಒಂದೇ, ಯಾರೂ ಇಲ್ಲದ ಮನೆಯಲ್ಲಿ ದೀಪ ಹಚ್ಚುತ್ತಾ ಬಂದಂತೆ ಒಂದೊಂದೇ ಸ್ವರ. ಆಮೇಲೆ ವಯೊಲಿನ್ನುಗಳು ಕೆಳಗಿನಿಂದ ಮೆಲ್ಲಗೆ ಎದ್ದು ಅದನ್ನು ಎತ್ತಿಕೊಳ್ಳುತ್ತವೆ. ಎಡಗೈ ಒಂದೇ ಸಮನೆ ನಡೆಯುತ್ತದೆ, ಬಲಗೈ ಆಗಾಗ ಅದಕ್ಕಿಂತ ಒಂದು ಕೂದಲೆಳೆ ತಡವಾಗಿ ಬೀಳುತ್ತದೆ. ಕೀರವಾಣಿಯ ವಾಸನೆ ಇದೆ ಅನ್ನಿಸುತ್ತದೆ, ಆದರೆ ಹಿಡಿಯಹೋದರೆ ರಾಗವಲ್ಲ. ಪವಿತ್ರಳ ಸಾಫ್ಟ್‌ವೇರು ತನ್ನ ವರದಿ ಕೊಟ್ಟಿತು: ಶ್ರುತಿ ಸಿ ಶಾರ್ಪ್ ಮೈನರ್, ಅಂದರೆ ನಮ್ಮ ಕರಿ ಒಂದು. ವೇಗ ನಿಮಿಷಕ್ಕೆ ಅರವತ್ತೆಂಟು. ಹುರುಪು ಕಡಿಮೆ. ಕುಣಿಯಲು ಯೋಗ್ಯವಲ್ಲ.

“ಡ್ಯಾಡೀನೂ ಅದನ್ನ ಹೇಳಿದ್ದು” ಎಂದರು ಟೀಚರ್.

ಆದರೆ ಕೃತಿಯ ಈ ಭಾಗ ಡಿ ಮೈನರಿನದು, ಅಂದರೆ ಬಿಳಿ ಎರಡು. ತಾಯಿಯ ಪುಸ್ತಕದಲ್ಲಿ ಅಚ್ಚಾದದ್ದೂ ಅದೇ. ತಂದೆ ವೇಗ ಹಿಡಿಯುತ್ತಿದ್ದ ಮೆಟ್ರೊನೋಮು ಟೀಚರ ಮನೆಯಲ್ಲಿತ್ತು. ಟಕ್ ಟಕ್ ಎಂದು ಅಲ್ಲಾಡುವ ಅದರ ಕಡ್ಡಿಯ ಮೇಲಿನ ತೂಕದ ಬಟ್ಟು ಎಪ್ಪತ್ತೆರಡರಲ್ಲಿ ತುಕ್ಕು ಹಿಡಿದು ಕೂತಿತ್ತು. ಟೇಪನ್ನು ಒಂದು ಮನೆ ಏರಿಸಿ ಬಿಳಿ ಎರಡಕ್ಕೆ ತಂದರೆ ವೇಗವೂ ತಾನಾಗಿ ಅರವತ್ತೆಂಟರಿಂದ ಎಪ್ಪತ್ತೆರಡಕ್ಕೆ ಏರುತ್ತದೆ. ಹಾಗಿದ್ದರೆ ತಾಯಿ ಗಂಡ ಕೇಳಿದಷ್ಟೇ ವೇಗದಲ್ಲಿ ನುಡಿಸಿದ್ದರು, ಟೇಪು ಮಾತ್ರ ನಿಧಾನವಾಗಿತ್ತು. ಇಲ್ಲವೇ, ಟೇಪು ಸರಿಯಾಗಿದೆ, ಕ್ಲಬ್ಬಿನ ಪಿಯಾನೋ ಒಂದು ಮನೆ ಇಳಿದಿತ್ತು. ಸೆಕೆಯ ಊರು, ಹಳೆಯ ಪಿಯಾನೋ, ತಂತಿ ಕಡಿಯದಿರಲೆಂದು ಇಳಿಸಿ ಬಿಗಿಯುವುದುಂಟು. ವಯೊಲಿನ್ನಿನವರೂ ಅದಕ್ಕೆ ತಕ್ಕಂತೆ ತಂತಿ ಇಳಿಸಿಕೊಳ್ಳಬಲ್ಲರು. ಹಾಗಿದ್ದರೆ ತಾಯಿ ನಿಜಕ್ಕೂ ನಿಧಾನ.

“ನಿಮಿಷಕ್ಕೆ ನಾಕು ಪೆಟ್ಟು” ಎಂದರು ಟೀಚರ್. “ನಾಕು ಪೆಟ್ಟಿಗೆ ಗೂಡ್ಸ್ ಗಾಡಿ ಅಂದ್ರಾ?”

ಅವತ್ತಿನ ಕಚೇರಿಯಲ್ಲಿದ್ದವರು ಯಾರಾದರೂ ಬದುಕಿದ್ದಾರೆಯೇ ಎಂದು ಕೇಳಿದೆ. ಒಬ್ಬರಿದ್ದರು, ನಮ್ಮ ಊರಲ್ಲೇ. ಖಾಸಿಂ ಸಾಬ್, ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ತರುಣರಾಗಿದ್ದಾಗ ಗುಂತಕಲ್ಲಿನ ಕ್ಲಬ್ಬಿನವರು ಅವರನ್ನು ಎರವಲು ಕರೆಸಿಕೊಂಡಿದ್ದರು. ಕ್ಲಾರಿನೆಟ್ ಒಂದು ಮನೆ ಇಳಿಯುವ ವಾದ್ಯವಲ್ಲ. ಅವರು ಅವತ್ತು ಊದಿದ್ದರೆ ಪಿಯಾನೋ ಇಳಿದಿರಲು ಸಾಧ್ಯವೇ ಇಲ್ಲ. ನಾನೂ ಟೀಚರೂ ಅವರ ಮನೆಗೆ ಹೋದೆವು. ಮೊಮ್ಮಗಳು ಸುಲೇಮಾನಿ ಚಹಾ ಕೊಟ್ಟಳು.

“ಊದೀನಲ್ರಿ!” ಎಂದರು ಖಾಸಿಂ ಸಾಬ್. ಬಾಯಲ್ಲಿ ಹಲ್ಲಿಲ್ಲದಿದ್ದರೂ ತುಟಿ ಮಡಚಿ, ನಡುವೆ ತಾವು ಊದಿದ ತುಣುಕನ್ನು ಗುನುಗಿ ತೋರಿಸಿದರು. ಟೇಪಿನಲ್ಲಿ ಕೇಳಿದ್ದ ಅದೇ ತುಣುಕು. “ಮೇಡಂ ಪಿಯಾನೋ, ಅದರ ಮ್ಯಾಲ ನನ್ನ ಕ್ಲಾರಿನೆಟ್. ಸಾಹೇಬ್ರು ಕೋಲಿನಾಗ ಹಿಂಗ ತೋರ್ಸಿದ್ರು. ಹಸರು ನಿಶಾನಿ ತೋರ್ಸಿದಂಗ.”

ದಾರಿಯುದ್ದಕ್ಕೂ ಟೀಚರ ಮುಖ ಹಗುರಾಗಿತ್ತು. ಮನೆ ಬಂದಾಗ, “ಎಪ್ಪತ್ತೆರಡು” ಎಂದಷ್ಟೇ ಹೇಳಿದರು.

ಮೂರ್ನಾಲ್ಕು ದಿನ ಬಿಟ್ಟು ಖಾಸಿಂ ಸಾಬರೇ ಕೋಲೂರಿಕೊಂಡು ಅಂಗಡಿಗೆ ಬಂದರು. ನಿದ್ದೆ ಬರುತ್ತಿಲ್ಲವಂತೆ. ಟೀಚರೂ ಆಗ ಅಂಗಡಿಯಲ್ಲಿದ್ದರು.

“ನೋಡವ್ವಾ, ಪ್ರಾಕ್ಟೀಸಿನಾಗ ಊದಿದ್ದು ಖರೇ. ಆದ್ರ ಕಚೇರಿ ದಿನ ನನಗ, ‘ನೀ ಸುಮ್ನ ಕುಂದ್ರು, ಶ್ರುತಿ ಸೇರವಲ್ದು’ ಅಂದ್ರೋ ಏನೋ ಅನಿಸ್ತೈತಿ. ಹೊಸಾ ಕೋಟು ಹಾಕ್ಕೊಂಡು ಕ್ಲಾರಿನೆಟ್ ತೊಡಿ ಮ್ಯಾಲ ಇಟಗೊಂಡು ಕುಂತಿದ್ದು ನೆನಪೈತಿ. ಊದಿದ್ದು ಯಾವ ದಿನ, ಕುಂತಿದ್ದು ಯಾವ ದಿನ, ಅದು ಹೋಗ್ಯಾದ.”

ಟೇಪಿನಲ್ಲಿ ಆ ಜಾಗ ಹಾಕಿ ಕೇಳಿಸಿದೆವು. ಪಿಯಾನೋ ಮೇಲೆ ಏನೋ ಒಂದು ದನಿ ತೇಲಿ ಬರುತ್ತದೆ. ಸವೆದ ಟೇಪು, ಅಂಚೆಲ್ಲಾ ಮಬ್ಬು. ಕ್ಲಾರಿನೆಟ್ ಇರಬಹುದು, ದಪ್ಪ ತಂತಿಯ ಮೇಲೆ ಎಳೆದ ವಯೊಲಿನ್ ಇರಬಹುದು. ಖಾಸಿಂ ಸಾಬ್ ಕಣ್ಣು ಮುಚ್ಚಿ ಕೇಳಿದರು.

“ಯಾರಾದ್ರೂ ಆಗ್ಲಿ, ಚಲೋ ನುಡಿಸ್ಯಾನ” ಎಂದು ಹೇಳಿ ಹೊರಟರು.

ಆಗ ಪವಿತ್ರ ತನ್ನ ಪರದೆ ತೋರಿಸಿದಳು. “ಟೀಚರ್, ಬೇಜಾರ್ ಮಾಡ್ಕೋಬೇಡಿ. ಟೇಪ್ ಸ್ಪೀಡು ಕೆಟ್ಟಿದ್ರೆ ಶ್ರುತಿ ಎಲ್ಲೋ ಸಂದೀಲಿ ಬೀಳ್ಬೇಕಿತ್ತು. ಇದು ನೋಡಿ, ಕರಿ ಒಂದರ ಮೇಲೆ ನೆಟ್ಟಗೆ ಕೂತೈತೆ, ಕೂದ್ಲಷ್ಟೂ ಆಚೀಚೆ ಇಲ್ಲ. ಸ್ಪೀಡು ಸರಿಯಾಗೇ ಐತೆ. ಪಿಯಾನೋನೇ ಇಳಿಸಿ ಬಿಗ್ದವ್ರೆ ಅನ್ಸುತ್ತೆ.”

ಒಪ್ಪುವ ಮಾತು. ನಾನೂ ಹಾಗೆಯೇ ಹೇಳುತ್ತಿದ್ದೆ. ಟೀಚರ್ ಬಿಸ್ಕತ್ತಿನ ಡಬ್ಬಿಯ ಮುಚ್ಚಳ (ಹಾಗಾದರೆ ಡಬ್ಬಿಯೇ ಇರಬೇಕು) ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು.

“ಅಂದ್ರ ಡ್ಯಾಡಿ ಹೇಳಿದ್ದು ಖರೇನ” ಎಂದರು. “ನಿಧಾನ ಇದ್ಲು.”

ನಾನು ಪರದೆಯನ್ನೇ ನೋಡುತ್ತಿದ್ದೆ. ಕೂದಲಷ್ಟೂ ಆಚೀಚೆ ಇಲ್ಲ. ರೈಲ್ವೆ ಕ್ಲಬ್ಬಿನ ಹಳೆಯ ಪಿಯಾನೋ, ಆ ಕಾಲದ ಸ್ಪೂಲ್ ಯಂತ್ರ, ಅದರಿಂದ ಕ್ಯಾಸೆಟ್ಟು. ಇಷ್ಟು ಕೈ ದಾಟಿ ಬಂದದ್ದು ಇಷ್ಟು ನೆಟ್ಟಗೆ ಹೇಗಿರುತ್ತದೆ? ತಾನಾಗಿ ಯಾವ ಟೇಪೂ ಹೀಗೆ ಕೂರುವುದಿಲ್ಲ. ಯಾರೋ ಕೂರಿಸಬೇಕು. ಹೀಗೆ ಕೂರಿಸುತ್ತಿದ್ದ ಕೈ ಈ ಸುತ್ತಮುತ್ತ ಒಂದೇ.

“ಟೀಚರ್, ನಿಮ್ಮ ತಾಯಿ ಇದನ್ನ ಕಾಪಿ ಮಾಡಿಸಿದ್ದು ಎಲ್ಲಿ?”

“ಗೊತ್ತಿಲ್ರಿ. ಆಗ ಮಮ್ಮಿ ನನ್ನ ಕೂಡ ಇಲ್ಲೇ ಇದ್ಲು. ಇಲ್ಲೇ ಬಜಾರಿನಾಗ ಇರಬೇಕು.”

ಬಜಾರಿನಲ್ಲಿ ಸ್ಪೂಲ್ ಯಂತ್ರ ಇದ್ದದ್ದು ನಮ್ಮಲ್ಲಿ ಮಾತ್ರ. ಫ್ರಾಕು ತೊಟ್ಟ ವಯಸ್ಸಾದ ಹೆಂಗಸೊಬ್ಬರು ಮಾವನ ಮುಂದೆ ನಿಂತ ಚಿತ್ರ ನನಗೆ ಕಾಣುತ್ತದೆ. ಕೈಯಲ್ಲಿ ಛತ್ರಿ. ಈ ಚಿತ್ರ ಟೀಚರ್ ಬರುವ ಮುಂಚೆಯೇ ನನ್ನಲ್ಲಿತ್ತೋ, ಅವರು ಹೇಳಿದ ಮೇಲೆ ನಾನು ಬರೆದುಕೊಂಡದ್ದೋ ಹೇಳಲಾರೆ. ಆದರೆ ಆ ನೆಟ್ಟಗಿನ ಕೂರುವಿಕೆ ಮಾವನದೇ. ಹಾಗಿದ್ದ ಮೇಲೆ ಅದು ಪಿಯಾನೋ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಹೇಳುವುದು ನಮ್ಮ ಅಂಗಡಿಯ ನಿಯಮವನ್ನು ಮಾತ್ರ. ಪಿಯಾನೋ ಜೊತೆ ಯಾವ ಭಜನೆಯವರೂ ಹಾಡುವುದಿಲ್ಲ ಎಂದು ಮಾವನಿಗೆ ಹೊಳೆದಿರಲಿಕ್ಕಿಲ್ಲ. ಅಥವಾ ಹೊಳೆದೂ, ಚೆನ್ನಾಗಿದೆ, ಜೊತೆಗೆ ಪೆಟ್ಟಿಗೆ ನುಡಿಸಬೇಕೆಂದು ಅವರಿಗೇ ಆಸೆಯಾಗಿರಬಹುದು.

ಇದನ್ನು ಹೇಳಿದಾಗ ಟೀಚರ್ ಡಬ್ಬಿ ಕೆಳಗಿಟ್ಟರು. “ಅಂದ್ರ?”

“ಅಂದ್ರೆ ಗೊತ್ತಿಲ್ಲ ಅಂತ. ನಿಧಾನ ಅಂತಾನೂ ಅಲ್ಲ.”

ಪವಿತ್ರ ಸೋಲುವವಳಲ್ಲ. “ಅಕ್ಕ, ಕರೆಂಟು ನೋಡಾಣ” ಎಂದಳು. ಎಲ್ಲ ಹಳೆಯ ಟೇಪಿನ ತಳದಲ್ಲೂ ಕರೆಂಟಿನ ಗುಂಯ್ ದನಿ ಇರುತ್ತದೆ. ಮಾವ ಅದನ್ನು ಕರೆಂಟಿನ ತಂಬೂರಿ ಎನ್ನುತ್ತಿದ್ದರು. ಈ ಟೇಪಿನಲ್ಲಿ ಅಂಥ ತಂಬೂರಿ ಎರಡಿರಬೇಕು, ರೆಕಾರ್ಡ್ ಮಾಡಿದ ದಿನ ಕ್ಲಬ್ಬಿನದು ಒಂದು, ಕಾಪಿ ಮಾಡಿದ ದಿನ ನಮ್ಮ ಅಂಗಡಿಯದು ಇನ್ನೊಂದು. ಟೇಪಿನ ವೇಗ ಬದಲಾದರೆ ಕ್ಲಬ್ಬಿನದು ಸಂಗೀತದ ಜೊತೆಗೇ ಸರಿಯುತ್ತದೆ, ನಮ್ಮದು ಇದ್ದಲ್ಲೇ ಇರುತ್ತದೆ. ಪರದೆಯ ಮೇಲೆ ನಿಜಕ್ಕೂ ಎರಡು ಗೆರೆ ಬಂದವು. ಎರಡೂ ಒಂದೇ ಕಡೆ ಇದ್ದರೆ ಟೇಪಿನ ವೇಗ ಬದಲಾಗಿಲ್ಲ, ಪಿಯಾನೋ ಇಳಿದಿತ್ತು. ಕ್ಲಬ್ಬಿನ ಗೆರೆ ಪೂರ್ತಿ ಒಂದು ಮನೆ ಕೆಳಗಿದ್ದರೆ ಟೇಪು ನಿಧಾನವಾಗಿದೆ, ತಾಯಿ ನಿಧಾನವಲ್ಲ. ಮೂವರೂ ಪರದೆಗೆ ಮೂಗು ಹಚ್ಚಿದೆವು.

ಕ್ಲಬ್ಬಿನ ಗೆರೆ ಅರ್ಧ ಮನೆ ಕೆಳಗಿತ್ತು.

“ಅರ್ಧ ಅಂದ್ರ ಎಷ್ಟಾತ್ರಿ?”

“ಎಪ್ಪತ್ತು ಆಗುತ್ತೆ ಟೀಚರ್” ಎಂದಳು ಪವಿತ್ರ. “ಅರವತ್ತೆಂಟೂ ಅಲ್ಲ, ಎಪ್ಪತ್ತೆರಡೂ ಅಲ್ಲ.”

ಟೀಚರ್ ಪರದೆಯಿಂದ ಹಿಂದೆ ಸರಿದು, “ಹಂಗಾದ್ರ ಪ್ಯಾಸೆಂಜರ್ ಗಾಡಿ ಅನ್ರಿ” ಎಂದರು. ಮೂವರೂ ನಕ್ಕೆವು. ಅವರು ನಗುತ್ತಲೇ ಇದ್ದರು, ಕನ್ನಡಕ ತೆಗೆದು ಒರೆಸಿಕೊಂಡರು.

ಅಲ್ಲಿಗೇ ಬಿಡಬಹುದಿತ್ತು. ನಡುವಿನ ಉತ್ತರ ಎಲ್ಲರಿಗೂ ಹಿತ. ಆದರೆ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದ್ದು ಇದು: ನಡುವೆ ಸಿಕ್ಕಿತು ಎಂದಾಗಲೇ ಅನುಮಾನ ಪಡಿ. ಮಾವನ ಕಾಲದಲ್ಲಿ ನಮ್ಮೂರ ಕರೆಂಟು ಒಂದೇ ಸಮ ಇರುತ್ತಿರಲಿಲ್ಲ. ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಅದರ ತಂಬೂರಿಯೇ ಇಳಿಯುತ್ತಿತ್ತು. ಗುಂತಕಲ್ಲಿನ ಕರೆಂಟು ಆ ಸಂಜೆ ಹೇಗಿತ್ತೋ ಯಾರು ಬಲ್ಲರು. ಆ ಅರ್ಧ ಮನೆ ಮಾವನ ತಿರುಪಿನದೂ ಇರಬಹುದು, ಕರೆಂಟಿನದೂ ಇರಬಹುದು. ಇದನ್ನು ನಾನು ಟೀಚರಿಗೆ ಹೇಳಿದೆ. ಹೇಳಬಾರದಿತ್ತು ಎಂದು ಪವಿತ್ರ ಈಗಲೂ ಬೈಯುತ್ತಾಳೆ.

ಟೀಚರ್ ಬೈಯಲಿಲ್ಲ. “ಕೊನೀಗೆ ಏನೋ ಮಾತು ಕೇಳ್ಸತೈತಿ, ಅದನ್ನ ಹಾಕು” ಎಂದರು.

ಕೊನೆಯ ಸ್ವರ ಮುಗಿದ ಮೇಲೆ, ಚಪ್ಪಾಳೆ ಶುರುವಾಗುವ ಮುಂಚೆ, ಗಂಡಸೊಬ್ಬರು ಒಂದೆರಡು ಮಾತು ಆಡುತ್ತಾರೆ. ಏನೆಂದು ತಿಳಿಯುವುದಿಲ್ಲ. ಟೀಚರ ತಂದೆಯೇ ಇರಬೇಕು. ಕೋಲು ಹಿಡಿದವರು ಪಿಯಾನೋ ಪಕ್ಕದಲ್ಲೇ ನಿಲ್ಲುವುದು. ಆ ದನಿಯ ಮೇಲೆ ನಾವು ತೀರ್ಮಾನ ಮಾಡಬಹುದಿತ್ತು. ಮಗಳಿಗೆ ತಂದೆಯ ದನಿ ಗೊತ್ತಿರುತ್ತದೆ. ಯಾವ ವೇಗದಲ್ಲಿ ಅದು ಅವರದಾಗುತ್ತದೋ ಅದೇ ಟೇಪಿನ ನಿಜವಾದ ವೇಗ. ನನಗೆ ಓಬಳಾಪುರದ ಅಣ್ಣತಮ್ಮಂದಿರು ನೆನಪಾದರು.

ಪವಿತ್ರ ಮೊದಲು ಕರಿ ಒಂದರಲ್ಲಿ ಹಾಕಿದಳು. ಟೀಚರ್ ತಲೆಯಾಡಿಸಿದರು. “ಡ್ಯಾಡಿ. ಖರೇ ಅವರ.” ಆಮೇಲೆ ಬಿಳಿ ಎರಡರಲ್ಲಿ ಹಾಕಿದಳು. ದನಿ ತೆಳುವಾಯಿತು, ಚುರುಕಾಯಿತು. ಟೀಚರ್ ತಲೆ ಆಡಿಸಲಿಲ್ಲ. ಮತ್ತೆ ಹಾಕು ಎಂದರು. ಮತ್ತೆ ಹಾಕಿದಳು.

“ಇದೂ ಡ್ಯಾಡೀನ” ಎಂದರು. “ಮೊದಲ್ನೇದು ನಾ ನೋಡಿದ ಡ್ಯಾಡಿ, ರಿಟೈರ್ ಆದ ಮ್ಯಾಲಿನ ದನಿ. ಇದು ನಾ ಹುಟ್ಟೋಕಿಂತ ಮೊದಲಿನ ಹುಡುಗ. ಮಮ್ಮಿ ಮದುವಿ ಆಗಿದ್ದು ಇವನ್ನ. ಇವನ ದನಿ ನಾ ಯಾವತ್ತೂ ಕೇಳಿಲ್ಲ, ಹೆಂಗ ಹೇಳ್ಲಿ ಇದಾ ಅಲ್ಲಾ ಅಂತ?”

ಪವಿತ್ರ ಎರಡನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಒಂದರ ಹೆಸರು ಕರಿ ಒಂದು, ಇನ್ನೊಂದರ ಹೆಸರು ಬಿಳಿ ಎರಡು. ನಡುವಿನದನ್ನೂ ಹಾಕಲೇ ಎಂದು ಕೇಳಿದಳು. ಟೀಚರ್ ಬೇಡವೆಂದರು. ಬಾಗಿಲಲ್ಲಿ ನಿಂತು, “ಎರಡರಾಗೂ ಬಲಗೈ ಒಂದೀಟು ತಡಾ ಬೀಳ್ತೈತಿ, ಕೇಳಿದ್ರೇನು?” ಎಂದರು. ಕೇಳಿದ್ದೆ. “ಮೇಜಿನ ಮ್ಯಾಲೂ ಹಂಗ ಬೀಳ್ತಿತ್ತು. ಅದಕ್ಕ ನಾವು ನಗ್ತಿದ್ವಿ.”

ಆಮೇಲೆ ಅವರನ್ನು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ. ಎರಡರಲ್ಲಿ ಯಾವುದನ್ನು ಕೇಳುತ್ತಾರೆಂದು ವಿಚಾರಿಸಿಲ್ಲ. ಖಾಸಿಂ ಸಾಬ್ ಮಳೆಗಾಲದಲ್ಲಿ ತೀರಿಕೊಂಡರು. ಕೋಟು ಹಾಕಿಕೊಂಡು ಸುಮ್ಮನೆ ಕೂತದ್ದು ಯಾವ ದಿನವೆಂದು ಅವರಿಗೆ ಕೊನೆಗೆ ನೆನಪಾಯಿತೋ ಇಲ್ಲವೋ. ಮಾವ ಆ ಟೇಪನ್ನು ಎಲ್ಲಿಂದ ತಂದು ಕರಿ ಒಂದಕ್ಕೆ ಕೂರಿಸಿದರೋ, ಇಳಿಸಿದರೋ ಏರಿಸಿದರೋ, ಗೊತ್ತಿಲ್ಲ. ಪಿಯಾನೋ ಇಳಿದಿತ್ತೋ, ಟೇಪು ಇಳಿದಿತ್ತೋ ಗೊತ್ತಿಲ್ಲ. ಟೀಚರ್ ಕೇಳಿದ್ದು ಒಂದೇ ಮಾತು, ನಿಧಾನ ನುಡಿಸಿದರೋ ಇಲ್ಲವೋ ಎಂದು. ಆ ಕೆಲಸವನ್ನೇ ಬದುಕಿಡೀ ಮಾಡಿದವಳು ನಾನು. ನನಗೆ ಗೊತ್ತಿಲ್ಲ.